ಮುದುಕಿ ಎಲ್ಲಿಗೆ ಹೊಂಟಿದ್ದಳು?

ಹೋದ ಬೇಸಿಗೆಯಲ್ಲಿ ಮಾಸೂರಿನಲ್ಲಿ ಒಂದು ನಾಟಕ ನೋಡಿದೆ. ಊರ ಹುಡುಗರೇ ಎರಡು ತಿಂಗಳು ತಾಲೀಮು ಮಾಡಿ ಆಡಿದ ಸಾಮಾಜಿಕ ನಾಟಕ. ರಾತ್ರಿ ಹತ್ತೂವರೆಗೆ ಶುರು ಅಂತ ಪೋಸ್ಟರಿನಲ್ಲಿತ್ತು, ಪರದೆ ಎದ್ದಾಗ ಹನ್ನೆರಡು ದಾಟಿತ್ತು. ನಮ್ಮ ಕಡೆ ಇದನ್ನು ತಡ ಅನ್ನೋದಿಲ್ಲ.

ಎರಡನೇ ಅಂಕದ ನಡುವೆ ಒಂದು ಕಾಮಿಡಿ ಸೀನ್ ಬಂತು. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟರೆ ಅದೇ ಬಸ್ಸು. ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಮುದುಕಿ ಬಗಲಿಗೆ ಚೀಲ ಸಿಗಿಸಿಕೊಂಡು ಹತ್ತಿದಳು. ಆಧಾರ್ ಕಾರ್ಡಿಗೆ ಮುತ್ತು ಕೊಟ್ಟಳು. ಬೆಳಿಗ್ಗೆ ಧರ್ಮಸ್ಥಳದಾಗ ಊಟ, ರಾತ್ರಿ ಸವದತ್ತಿಯೊಳಗ ನಿದ್ದಿ ಅಂದಳು. ಮನೆಯಲ್ಲಿ ಗಂಡನಿಗೆ ರೊಟ್ಟಿ ಯಾರು ಬಡೀತಾರೆ ಅಂತ ಕಂಡಕ್ಟರ್ ಕೇಳಿದರೆ, ಅಂವಗೂ ಒಂದು ಆಧಾರ್ ಕಾರ್ಡ್ ಮಾಡಿಸಿ ಹೆಂಗಸು ಅಂತ ಬರೆಸ್ತೀನಿ ಅಂದಳು. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಮುದುಕ ಬಂದು ಆಕೆಯ ಜುಟ್ಟು ಹಿಡಿದು ಬಸ್ಸಿನಿಂದ ಎಳೆದುಕೊಂಡು ಹೋದ. ಶಿಳ್ಳೆ ಬಿತ್ತು. ಯಾರೋ ಮೈಕಿನಲ್ಲಿ ನೂರಾ ಒಂದು ರೂಪಾಯಿ ಆಯೇರಿ ಕೂಗಿಸಿದರು, ಮುದುಕನ ಪಾತ್ರ ಹಾಕಿದ ಹುಡುಗನಿಗೆ.

ನಾನೂ ನಕ್ಕೆ. ಬೆಂಗಳೂರಿನಲ್ಲಿ ಕೂತು ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಬರೆಯುವ ನಾನು, ಹುಲ್ಲುಚಾಪೆ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀನ್ ಚೆನ್ನಾಗೇ ಇತ್ತು, ಟೈಮಿಂಗ್ ಇತ್ತು. ಪಕ್ಕದಲ್ಲಿ ನಮ್ಮ ಸ್ವಾದರತ್ತಿ ಕೂತಿದ್ದಳು. ವಯಸ್ಸು ಅರವತ್ತೇಳೋ ಅರವತ್ತೆಂಟೋ, ಆಕೆಗೇ ಖಾತ್ರಿ ಇಲ್ಲ. ಆಕೆ ನಗಲಿಲ್ಲ. ಎಲೆ ಅಡಿಕೆ ಮಡಚುತ್ತಾ ಕೂತಿದ್ದವಳು ಸೀನ್ ಮುಗಿದ ಮೇಲೆ ಹೇಳಿದಳು:

“ಅಕಿ ಖರೇನ ಎಲ್ಲಿಗೆ ಹೊಂಟಿದ್ದಳು ಅಂತ ಯಾರೂ ಕೇಳಲಿಲ್ಲ ನೋಡವಾ.”

ಈ ಲೇಖನ ಶುರುವಾಗಿದ್ದು ಅಲ್ಲಿಂದ.

ಅತ್ತಿ ಯಾಕೆ ನಗಲಿಲ್ಲ ಅನ್ನೋದಕ್ಕೆ ಒಂದು ಹಿನ್ನೆಲೆ ಇದೆ. 2024ರ ಮಾರ್ಚಿನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ ಅನ್ನೋದು ಈ ಭಾಗದವರಿಗೆಲ್ಲ ಗೊತ್ತು. ಅತ್ತಿ ಯಾರಿಗೂ ಹೇಳದೆ ಮಾಸೂರಿನಿಂದ ಹಿರೇಕೆರೂರಿಗೆ, ಹಿರೇಕೆರೂರಿನಿಂದ ಹಾನಗಲ್ಲಿಗೆ, ಅಲ್ಲಿಂದ ಶಿರಸಿಗೆ ಬಸ್ಸು ಬದಲಿಸಿಕೊಂಡು ಹೋದಳು. ಮೂರೂ ಕಡೆ ಶೂನ್ಯ ಟಿಕೆಟ್. ದೇವಿಗೆ ಕೈ ಮುಗಿದಳು, ಮಿರ್ಚಿ ತಿಂದಳು, ರಾತ್ರಿ ಒಂದರ ಹಿಂದೆ ಒಂದು ಎರಡು ನಾಟಕ ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಇನ್ನಷ್ಟು ಹೆಂಗಸರ ಜೊತೆ ಮಲಗಿ ಬೆಳಗಿನ ಬಸ್ಸಿಗೆ ವಾಪಸ್ ಬಂದಳು.

ಮನೆಯಲ್ಲಿ ಪಂಚಾಯ್ತಿ ಕೂತಿತ್ತು. ಇಬ್ಬರು ಗಂಡುಮಕ್ಕಳು, ಹಿರೇ ಸೊಸೆ, ಓಣಿಯ ಇಬ್ಬರು ಹಿರಿಯರು. ಆಗ ನಾನು ಊರಲ್ಲಿರಲಿಲ್ಲ, ಫೋನಿನಲ್ಲಿ ಎಲ್ಲರ ಕಡೆಯಿಂದಲೂ ಕೇಳಿದ್ದೇನೆ. ಪ್ರಶ್ನೆಗಳು ಹೀಗಿದ್ದವು: ಗಂಡ ಸತ್ತಾಕಿ ರಾತ್ರಿ ಹೊರಗ ಯಾಕ ಉಳದಿ? ಈ ವಯಸ್ನಾಗ ನಾಟಕ ಯಾಕ ಬೇಕು? ದೇವರಿಗೆ ಹೋಗೂದಾದ್ರ ನಾವ ಕರ್ಕೊಂಡ್ ಹೋಗ್ತಿರಲಿಲ್ಲೇನು? ಓಣಿ ಮಂದಿ ಏನಂದಾರು? ಕೊನೆಗೆ ಬಂದ ತೀರ್ಪು: ಆಧಾರ್ ಕಾರ್ಡು ಇನ್ನು ಮುಂದೆ ಹಿರೇ ಮಗನ ಕಪಾಟಿನಲ್ಲಿ.

ನಾಟಕ ಹೆಂಗಿತ್ತು ಅಂತ ಆಕೆಯನ್ನು ಕೇಳಿದವಳು ನಾನೊಬ್ಬಳೇ. “ಒಂದು ಛಲೋ ಇತ್ತು. ಇನ್ನೊಂದ್ರಾಗ ಬರೇ ಕುಣಿತ” ಅಂದಳು.

ಈಗ ಸ್ವಲ್ಪ ದೊಡ್ಡ ಚಿತ್ರ ನೋಡೋಣ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅದೇ ವಾರ ಒಬ್ಬ ಅಜ್ಜಿ ಬಸ್ಸಿನ ಮೆಟ್ಟಿಲಿಗೆ ಹಣೆ ಹಚ್ಚಿ ನಮಸ್ಕರಿಸಿದ ಫೋಟೋ ಎಲ್ಲರ ಫೋನಿಗೂ ಬಂತು. ಸರ್ಕಾರದವರು ಹಂಚಿಕೊಂಡರು, ನಾವೂ ಹಂಚಿಕೊಂಡೆವು. 2025ರ ಜುಲೈ ಹೊತ್ತಿಗೆ ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ದಾಟಿತು ಅಂತ ಮುಖ್ಯಮಂತ್ರಿಗಳೇ ಬಸ್ಸಿನಲ್ಲಿ ಟಿಕೆಟ್ ಹರಿದು ಕೊಟ್ಟರು. ಈ ಎರಡರ ನಡುವೆ ಇನ್ನೊಂದು ಸರಕು ಹುಟ್ಟಿತು. ರೀಲ್ಸು, ಮೀಮು, ವಾಟ್ಸಾಪ್ ಜೋಕು. ಅದರಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಕಡಿಮೆ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಅದಕ್ಕಿಂತ ಕಡಿಮೆ. ಜೋಕಿನ ನಾಯಕಿ ಯಾವತ್ತೂ ಮುದುಕಿ. ಕೆಲಸ ಇಲ್ಲದೆ ತಿರುಗುವ ಮುದುಕಿ, ಸೀಟಿಗೆ ಟವೆಲ್ ಹಾಕುವ ಮುದುಕಿ, ಗಂಡನನ್ನು ಉಪವಾಸ ಕೆಡವಿದ ಮುದುಕಿ.

ಗಮನಿಸಿ, ಫೋಟೋದ ಅಜ್ಜಿಯೂ ಜೋಕಿನ ಮುದುಕಿಯೂ ಬೇರೆ ಬೇರೆ ಹೆಂಗಸರಲ್ಲ. ಹಣೆ ಹಚ್ಚಿದಾಗ ಕೃತಜ್ಞಳಾಗಿದ್ದಳು, ಕಣ್ಣೀರು ತರಿಸಿದಳು. ಅದೇ ಮೆಟ್ಟಿಲು ಹತ್ತಿ ಕಿಟಕಿ ಪಕ್ಕ ಕೂತಾಗ ನಗೆಪಾಟಲಾದಳು. ಸರ್ಕಾರಕ್ಕೆ ಬೇಕಾಗಿದ್ದು ಮೊದಲನೆಯ ಚಿತ್ರ, ಟ್ರೋಲ್ ಮಾಡುವವರಿಗೆ ಬೇಕಾಗಿದ್ದು ಎರಡನೆಯದು. ಎರಡರಲ್ಲೂ ಆಕೆಯ ಊರು ಯಾವುದು, ಆಕೆ ಇಳಿಯುವ ಸ್ಟಾಪ್ ಯಾವುದು ಅನ್ನೋದು ಯಾರಿಗೂ ಬೇಕಿರಲಿಲ್ಲ.

ಬಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ಕಾಲಿಡಲು ಜಾಗ ಇಲ್ಲ, ಬಸ್ಸುಗಳ ಸಂಖ್ಯೆ ಸಾಲದು, ಸಾರಿಗೆ ನಿಗಮಗಳಿಗೆ ಸರ್ಕಾರ ಬಾಕಿ ಉಳಿಸಿಕೊಂಡಿದೆ: ಇವೆಲ್ಲ ಖರೇ ಸಮಸ್ಯೆಗಳು. ಅವುಗಳ ಬಗ್ಗೆ ಜಗಳ ಆಗಲೇಬೇಕು. ಆದರೆ ಆ ಜಗಳ ಸರ್ಕಾರದ ಜೊತೆ ಆಗಬೇಕಿತ್ತು, ಆಗಿದ್ದು ಮುದುಕಿಯ ಜೊತೆ.

ಗೃಹಲಕ್ಷ್ಮಿಯ ಕಥೆಯೂ ಹೀಗೇ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ ಸಿಕ್ಕಿತು, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಯಜಮಾನಿ ಯಾರು? ರೇಷನ್ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ ಅಂತ ಹೆಸರಿರುವವಳು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೇ ಹೇಳುತ್ತದೆ, ಮನೆಯ 18 ದಾಟಿದ ಹಿರಿಯ ಹೆಂಗಸು ಕಾರ್ಡಿನ ಮುಖ್ಯಸ್ಥೆ ಅಂತ. ಅಂದರೆ ಸಾಮಾನ್ಯವಾಗಿ ಅತ್ತೆ. ಕಾಗದದ ಮೇಲೆ ಹತ್ತು ವರ್ಷದಿಂದ ಯಜಮಾನಿಯಾಗಿದ್ದವಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆ ಹೆಸರಿಗೆ ದುಡ್ಡು ಬರುತ್ತೆ ಅಂದ ಕೂಡಲೇ ಟಿವಿ ಸ್ಟುಡಿಯೋಗಳಲ್ಲಿ ಅತ್ತೆ-ಸೊಸೆ ಜಗಳದ ಕಾರ್ಯಕ್ರಮ ಶುರುವಾಯಿತು. ನಮ್ಮ ಅತ್ತಿಯ ಹೆಸರಿಗೂ ದುಡ್ಡು ಬರುತ್ತದೆ. ಪಾಸ್‌ಬುಕ್ಕು ಚಿಕ್ಕ ಮಗನ ಹತ್ತಿರ, ಬ್ಯಾಂಕಿನ ಮೆಸೇಜು ಹೋಗುವುದು ಹಿರೇ ಮಗನ ಫೋನಿಗೆ. ಯಜಮಾನಿಕೆ ಅಷ್ಟು.

ನಾನು ಹೇಳಬೇಕಾಗಿರುವ ಮಾತು ಇಲ್ಲಿದೆ. ನಮ್ಮಲ್ಲಿ ವಯಸ್ಸಾದ ಹೆಂಗಸು ಕೊಡಬಹುದು. ಆಶೀರ್ವಾದ ಕೊಡಬಹುದು, ಮೊಮ್ಮಕ್ಕಳಿಗೆ ಕಥೆ ಕೊಡಬಹುದು, ಆಸ್ತಿಗೆ ಹೆಬ್ಬೆಟ್ಟು ಕೊಡಬಹುದು. ಬೇಕು ಅನ್ನುವ ಹಾಗಿಲ್ಲ. ಬೇಕು ಅಂದ ಕ್ಷಣ ಅವಳ ಮೇಲೆ ಒಂದು ಕೇಸು ನಡೆಯುತ್ತದೆ. ಈ ಕೇಸು ಹೇಗೆ ನಡೆಯಬೇಕು, ಯಾರು ಏನು ಮಾತಾಡಬೇಕು ಅನ್ನುವ ಸ್ಕ್ರಿಪ್ಟು ನಮಗೆ ಮೊದಲೇ ಬಾಯಿಪಾಠ ಆಗಿದೆ. ನನ್ನ ಪ್ರಕಾರ ಅದನ್ನು ನಮಗೆ ಕಲಿಸಿದ್ದು ಹೆಚ್ಚಾಗಿ ನಾಟಕ.

ಮಾಸೂರಿನ ಆ ನಾಟಕಕ್ಕೇ ವಾಪಸ್ ಬರುತ್ತೇನೆ. ಕಾಮಿಡಿ ಮುದುಕಿ ಒಬ್ಬಳಾದರೆ, ಮುಖ್ಯ ಕಥೆಯಲ್ಲಿ ಇನ್ನೊಬ್ಬಳಿದ್ದಳು. ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡು ಸೊಸೆಗೆ ಕೊಡದೇ ಇರುವ ಅತ್ತೆ. ಕೊನೆಯ ಸೀನಿನಲ್ಲಿ ಮಗ ಬಂದು ಊರ ಗೌಡರ ಎದುರು ನ್ಯಾಯ ಹಚ್ಚುತ್ತಾನೆ, ಗೌಡರು ಉದ್ದ ಡೈಲಾಗ್ ಹೊಡೆಯುತ್ತಾರೆ, ಅತ್ತೆ ಗೊಂಚಲು ಸೊಸೆಯ ಕಾಲ ಹತ್ತಿರ ಇಟ್ಟು ಅಳುತ್ತಾಳೆ. ಇವೆರಡೂ ಪಾತ್ರ ಮಾಡಿದ್ದು ಒಬ್ಬಳೇ ಕಲಾವಿದೆ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಕಪ್ಪು ಕನ್ನಡಕ ತೆಗೆದು, ತಲೆಗೆ ಇನ್ನಷ್ಟು ಬಿಳಿ ಬಣ್ಣ ಹಚ್ಚಿಕೊಂಡು ಅತ್ತೆ ಆಗಿದ್ದಳು.

ಹಳ್ಳಿ ನಾಟಕದ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಗಂಡು ಪಾತ್ರ ಊರ ಹುಡುಗರದು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಗದಗ, ಹುಬ್ಬಳ್ಳಿ, ಹೀಗೆ. ಊರ ಹುಡುಗರದು ಎರಡು ತಿಂಗಳ ತಾಲೀಮು. ಇವರು ಬರುವುದು ಹಿಂದಿನ ದಿನ, ಒಮ್ಮೊಮ್ಮೆ ಅದೇ ದಿನ ಸಂಜೆ. ಪೇಟಿ ಮಾಸ್ತರರ ಹತ್ತಿರ ಒಮ್ಮೆ ಹಾಡು ಕೇಳಿಕೊಂಡು ರಾತ್ರಿ ಇಡೀ ನಾಟಕ ಹೊತ್ತುಕೊಂಡು ನಡೆಸುತ್ತಾರೆ. ಹುಡುಗ ಡೈಲಾಗ್ ಮರೆತರೆ ಎತ್ತಿಕೊಡುವವರು ಇವರೇ. ಆದರೆ ಇಂಥ ಊರುಗಳಲ್ಲಿ ಯಾರೂ ತಮ್ಮ ಮಗಳಿಗೆ ಬಣ್ಣ ಹಚ್ಚಿಸುವುದಿಲ್ಲ. ಬಂದವಳ ಬಗ್ಗೆ ಪಿಸುಮಾತು ಮಾತ್ರ ಧಾರಾಳ. ವಯಸ್ಸಿದ್ದಾಗ ಹೀರೋಯಿನ್, ಆಯೇರಿ ಮೇಲೆ ಆಯೇರಿ. ಮೂವತ್ತೈದು ದಾಟಿದರೆ ಅತ್ತಿಗೆ. ಆಮೇಲೆ ತಾಯಿ. ಆಮೇಲೆ ಈ ಎರಡು: ಕೆಟ್ಟ ಅತ್ತೆ, ಹುಚ್ಚು ಮುದುಕಿ. ಮೂವರಿಗೆ ದುಡ್ಡು ಕೊಡುವ ಬದಲು ಇಬ್ಬರಲ್ಲಿ ಮುಗಿಸೋಣ ಅಂತ ಕಮಿಟಿಯವರು ಯೋಚಿಸಿದರೆ ಒಬ್ಬಳೇ ಎರಡೂ. ಉಳಿತಾಯಕ್ಕಾಗಿ ಮಾಡಿದ ಈ ಏರ್ಪಾಟು ನನಗೆ ಒಂದು ಸತ್ಯ ಹೇಳಿದ ಹಾಗಿತ್ತು. ಬಸ್ಸಿನ ಮುದುಕಿಗೂ ಕೀಲಿಕೈ ಅತ್ತೆಗೂ ನಡುವೆ ಇರುವುದು ಒಂದು ಕನ್ನಡಕದ ಅಂತರ. ಒಬ್ಬಳಿಗೆ ತಿರುಗಾಟ ಬೇಕು, ಇನ್ನೊಬ್ಬಳಿಗೆ ಅಧಿಕಾರ ಬೇಕು. ಒಬ್ಬಳಿಗೆ ಜುಟ್ಟು ಹಿಡಿದು ಎಳೆಯುವ ಶಿಕ್ಷೆ, ಇನ್ನೊಬ್ಬಳಿಗೆ ಕಾಲಿಗೆ ಬೀಳುವ ಶಿಕ್ಷೆ.

ಅತ್ತೆಯ ದಬ್ಬಾಳಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಅತ್ತಿಯೂ ಸೊಸೆಗೆ ಬಾಯಿ ಕೊಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ನ್ಯಾಯ ಸೊಸೆಯ ಕಡೆಗಿತ್ತು. ಆದರೆ ನಾಟಕದ ಆ ನ್ಯಾಯದ ಸೀನಿನಲ್ಲಿ ಮಾವ ಮೂಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದ. ಹೊಲ ಅವನ ಹೆಸರಲ್ಲಿತ್ತು. ಅವನನ್ನು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಇದು ಇವತ್ತಿನ ಸ್ಕ್ರಿಪ್ಟಲ್ಲ. ಉತ್ತರ ಕರ್ನಾಟಕದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ತಗೊಳ್ಳಿ, ಸಂಗ್ಯಾನ ಮಾತನ್ನು ಗಂಗಿಗೆ ಮುಟ್ಟಿಸಲು ಒಬ್ಬ ಮುದುಕಿ ಬೇಕು. ಪ್ರೀತಿ ಸಂಗ್ಯಾಂದು, ದ್ರೋಹ ಬಾಳ್ಯಾಂದು, ಬೈಗುಳದಲ್ಲಿ ದೊಡ್ಡ ಪಾಲು ಮುದುಕಿಯದು. ಇನ್ನೂ ಹಿಂದಕ್ಕೆ ಹೋದರೆ ಮಂಥರೆ ಸಿಗುತ್ತಾಳೆ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ರಾಮ ಕಾಡಿಗೆ ಹೋದ ಮೇಲೆ ಶತ್ರುಘ್ನ ಈ ಗೂನುಬೆನ್ನಿನ ಹೆಂಗಸನ್ನು ಹಿಡಿದು ನೆಲದ ಮೇಲೆ ಎಳೆದಾಡುತ್ತಾನೆ. ಭರತ ಅಡ್ಡ ಬಂದು ಬಿಡಿಸುತ್ತಾನೆ, ಹೆಂಗಸನ್ನು ಕೊಂದರೆ ರಾಮ ನಮ್ಮ ಜೊತೆ ಮಾತೂ ಆಡುವುದಿಲ್ಲ ಅನ್ನುವ ಭಯಕ್ಕೆ. ವರ ಕೊಟ್ಟವನು ದಶರಥ, ಕೇಳಿದವಳು ಕೈಕೇಯಿ. ಎಳೆದಾಡಿಸಿಕೊಂಡವಳು ತನ್ನ ರಾಣಿಗೆ ಸಲಹೆ ಕೊಟ್ಟ ದಾಸಿ. ಮಾಸೂರಿನ ವೇದಿಕೆ ಮೇಲೆ ಮುದುಕನ ಕೈಗೆ ಸಿಕ್ಕ ಜುಟ್ಟಿಗೆ ಎಷ್ಟು ಹಳೆಯ ಚರಿತ್ರೆ ಇದೆ ನೋಡಿ. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಆಕೆಗೆ ಮಮತೆಯ ಒಂದು ಇಡೀ ಸಂಚಿಕೆ ಕೊಟ್ಟು ನ್ಯಾಯ ಮಾಡಿದರು. ಆದರೆ ಓಣಿಯಲ್ಲಿ ಇವತ್ತಿಗೂ ಮನೆ ಮುರಿಯುವವಳ ಹೆಸರು ಮಂಥರೆಯೇ.

ಹಾಗಾಗಿ 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಉಮಾಶ್ರೀ ಯಕ್ಷಗಾನದ ರಂಗಕ್ಕೆ ಮೊದಲ ಸಲ ಹತ್ತಿದ್ದು, ಅದೂ ಮಂಥರೆಯಾಗಿ ಹತ್ತಿದ್ದು, ನನಗೆ ಬರೀ ಸಿನಿಮಾ ಪುಟದ ಸುದ್ದಿಯಾಗಿ ಕಾಣಲಿಲ್ಲ. ಗಂಡಸರೇ ಹೆಣ್ಣುವೇಷ ಹಾಕುತ್ತಾ ಬಂದ ಮೇಳಗಳ ಯಕ್ಷಗಾನ. ಅಲ್ಲಿಗೆ ಈ ವಯಸ್ಸಿನಲ್ಲಿ, ಶಾಸಕಿ, ಮಂತ್ರಿ ಎಲ್ಲ ಆಗಿ ಬಂದವಳು, ಸೀತೆಯನ್ನೂ ಕೇಳಲಿಲ್ಲ, ಕೈಕೇಯಿಯನ್ನೂ ಕೇಳಲಿಲ್ಲ. ಎಲ್ಲರೂ ಬೈಯುವ ಮುದುಕಿಯ ವೇಷ ಕಟ್ಟಿದಳು.

ಉಮಾಶ್ರೀಯವರ ದಾರಿಯನ್ನು ನಾವು ಸರಿಯಾಗಿ ಓದಿಲ್ಲ ಅಂತ ನನಗೆ ಅನಿಸುತ್ತದೆ. ಸಿನಿಮಾದಲ್ಲಿ ವರ್ಷಗಟ್ಟಲೆ ಡಬಲ್ ಮೀನಿಂಗ್ ಕಾಮಿಡಿ ಮಾಡಿದರು, ಅದಕ್ಕಾಗಿ ಅನ್ನಿಸಿಕೊಂಡರು. ತೇರದಾಳದಿಂದ ಗೆದ್ದು 2013ರಲ್ಲಿ ಮಂತ್ರಿಯಾದ ಮೇಲೂ ಆ ಹಳೇ ಪಾತ್ರಗಳನ್ನು ಎತ್ತಿ ಹಂಗಿಸುವುದು ನಿಲ್ಲಲಿಲ್ಲ. ನಟರೂ ಮಂತ್ರಿಗಳಾಗಿದ್ದಾರೆ, ಅವರು ಮಾಡಿದ ರೇಪ್ ಸೀನುಗಳನ್ನು ಯಾರೂ ಚುನಾವಣಾ ಭಾಷಣದಲ್ಲಿ ನೆನಪಿಸುವುದಿಲ್ಲ. ಆದರೆ ರಂಗಭೂಮಿ ಬಲ್ಲವರಿಗೆ ಉಮಾಶ್ರೀ ಅಂದರೆ ಮೊದಲು ಸಾಕವ್ವ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾಗಿದ್ದು ಇವರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ಮುದುಕಿಯಾದರು.

ಸಾಕವ್ವ ನನಗೆ ಮುಖ್ಯ ಯಾಕೆಂದರೆ ಆಕೆ ‘ಬೇಕು’ ಅಂತಾಳೆ. ಕಳೆದುಹೋದ ಹುಂಜ ಬೇಕು ಅಂತಾಳೆ. ಕೇರಿಯೆಲ್ಲ ಹುಡುಕುತ್ತಾಳೆ, ಶಾಪ ಹಾಕುತ್ತಾಳೆ, ಯಾರ ಮಾತನ್ನೂ ಕೇಳುವುದಿಲ್ಲ. ಕದ್ದು ತಂದ ಕಡಲೆಕಾಯಿಯನ್ನು ರಾತ್ರಿ ಇಡೀ ಮನೆ ಕೂತು ತಿನ್ನುವಾಗ ನಡುವೆ ಇರುವವಳು ಆಕೆ, ಬೆಳಿಗ್ಗೆ ಪೊಲೀಸರು ಬಂದಾಗಲೂ ನಡುವೆ ಇರುವವಳು ಆಕೆ. ಹಸಿದ ದಲಿತ ಮನೆಯ ಮುದುಕಿ ಒಳ್ಳೆಯವಳಾಗಿರಬೇಕು, ಸಹನೆಯ ಮೂರ್ತಿಯಾಗಿರಬೇಕು ಅನ್ನುವ ಷರತ್ತನ್ನು ದೇವನೂರರು ಹಾಕಲಿಲ್ಲ. ಅದಕ್ಕೇ ನೋಡಿದವರು ಯಾರೂ ಆಕೆಗೆ ಅಯ್ಯೋ ಪಾಪ ಅನ್ನುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಆರ್. ನಾಗರತ್ನಮ್ಮ ಸಿಗುತ್ತಾರೆ. 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಎಲ್ಲಾ ಪಾತ್ರವೂ ಹೆಂಗಸರೇ. ನಾಗರತ್ನಮ್ಮನವರು ಸ್ವತಃ ಕಂಸ, ರಾವಣ, ಭೀಮ, ದುರ್ಯೋಧನ. ಮೀಸೆ ಹಚ್ಚಿ, ಗದೆ ಹಿಡಿದು, ವಯಸ್ಸಾದ ಮೇಲೂ ಅಬ್ಬರಿಸಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ಧೈರ್ಯದ ಬಗ್ಗೆ ಎಷ್ಟು ಬರೆದರೂ ಸಾಲದು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ವಯಸ್ಸಾದ ಒಬ್ಬ ಮಹಾನಟಿಗೆ ವೇದಿಕೆ ತುಂಬುವಂಥ ಪಾತ್ರ ಬೇಕು ಅಂದರೆ ಆಕೆ ಗಂಡಾಗಬೇಕಾಯಿತು. ಆಸೆ, ಸಿಟ್ಟು, ಸೊಕ್ಕು ಎಲ್ಲ ಇರುವ ಐವತ್ತರ ಗಂಡಸಿನ ಪಾತ್ರ ಪುರಾಣದಲ್ಲಿ ರಾಶಿ ಬಿದ್ದಿವೆ. ಹೆಂಗಸಿನದು?

ಗಿರೀಶ್ ಕಾರ್ನಾಡರ ‘ನಾಗಮಂಡಲ’ದಲ್ಲಿ ಒಬ್ಬಳಿದ್ದಾಳೆ, ಕುರುಡವ್ವ. ಮಗನ ಬೆನ್ನೇರಿ ಹೊತ್ತಲ್ಲದ ಹೊತ್ತಿನಲ್ಲಿ ಊರು ಸುತ್ತುವ ಮುದುಕಿ. ಪ್ರಾಯದಲ್ಲಿ ತನಗೆ ಗಂಡು ಬೇಕಾಗಿತ್ತು, ಕಣ್ಣಿಲ್ಲದವಳನ್ನು ಯಾರೂ ಕೇಳಲಿಲ್ಲ, ಬೇರು ತಿನ್ನಿಸಿ ಗಂಡನನ್ನು ಪಡೆದೆ ಅಂತ ಒಂದಿಷ್ಟೂ ನಾಚಿಕೆ ಇಲ್ಲದೆ ಹೇಳುತ್ತಾಳೆ. ರಾಣಿಗೆ ಬೇರು ಕೊಡುವವಳು ಅವಳೇ. ಇಡೀ ನಾಟಕ ನಡೆಯುವುದೇ ಅದರಿಂದ. ಆಮೇಲೆ ಏನಾಗುತ್ತದೆ? ರಾಣಿ ಪಂಚಾಯ್ತಿಯ ಎದುರು ಹಾವು ಹಿಡಿದು ದೇವಿಯಾಗುತ್ತಾಳೆ. ಕುರುಡವ್ವ ಕಾಣೆಯಾದ ಮಗನನ್ನು ಕೂಗುತ್ತಾ ಅಲೆಯುತ್ತಾಳೆ. ನಾಗಾಭರಣ ಸಿನಿಮಾ ಮಾಡಿದಾಗ ಬಿ. ಜಯಶ್ರೀ ಈ ಪಾತ್ರ ಮಾಡಿದ್ದರು, ಆ ದನಿ ಮರೆಯುವುದಕ್ಕಾಗುವುದಿಲ್ಲ. ಪ್ರಾಯದ ಹೆಂಗಸು ಬಯಸಿದರೆ ಕೊನೆಗೆ ದೇವಿಯಾಗುವ ದಾರಿಯಾದರೂ ಇದೆ. ಮುದುಕಿ ತಾನೂ ಬಯಸಿದ್ದೆ ಅಂತ ಒಪ್ಪಿಕೊಂಡರೆ ಆ ದಾರಿಯೂ ಇಲ್ಲ.

ಹೀಗೆಲ್ಲ ಯೋಚಿಸುವಾಗ ಮಾಸೂರಿನಲ್ಲೇ ಇರುವ ಕಥೆ ಕಾಲಿಗೆ ತೊಡರುತ್ತದೆ. ನಮ್ಮೂರು ಪ್ರಸಿದ್ಧವಾಗಿರುವುದು ಸರ್ವಜ್ಞನಿಂದ. ಐತಿಹ್ಯ ಎಲ್ಲರಿಗೂ ಗೊತ್ತು. ಮಾಸೂರಿನ ಬಸವರಸ ಮಕ್ಕಳಿಲ್ಲವೆಂದು ಕಾಶಿಗೆ ಹೋದ, ಬರುವಾಗ ಅಂಬಲೂರಿನ ಕುಂಬಾರರ ಮನೆಯಲ್ಲಿ ತಂಗಿದ, ಅಲ್ಲಿಯ ಮಾಳಿ ಬಸುರಾದಳು, ಸರ್ವಜ್ಞ ಹುಟ್ಟಿದ. ಮಾಳಿ ವಿಧವೆ ಅಂತ ಹೇಳುವವರೂ ಇದ್ದಾರೆ. ಕಾಶಿಯ ಪ್ರಸಾದದ ಫಲ, ಶಿವನ ವರ ಅಂತ ಕಥೆ ಮುಂದಕ್ಕೆ ಓಡುತ್ತದೆ. ರಾಣಿಗೆ ಹಾವು, ಮಾಳಿಗೆ ಪ್ರಸಾದ! ಹೆಂಗಸನ್ನು ತೀರ್ಪಿನಿಂದ ಪಾರು ಮಾಡಲು ನಮ್ಮ ಕಥೆಗಳಿಗೆ ಯಾವಾಗಲೂ ಒಬ್ಬ ದೇವರು ಬೇಕು.

ಸರ್ವಜ್ಞನ ಮೇಲೆ ನಾಟಕಗಳಿವೆ, 1965ರಲ್ಲಿ ರಾಜಕುಮಾರರ ‘ಸರ್ವಜ್ಞಮೂರ್ತಿ’ ಬಂತು, ಅವನ ಹೆಸರಲ್ಲಿ ಪ್ರಾಧಿಕಾರ ಇದೆ. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್, ಚೆನ್ನೈನಲ್ಲಿ ಸರ್ವಜ್ಞ ಅಂತ ಪ್ರತಿಮೆಗಳ ಕೊಡು-ಕೊಳ್ಳುವಿಕೆಯೂ ಆಯಿತು. ಒಳ್ಳೆಯದೇ. ಆದರೆ ಕುಂಬಾರ ಓಣಿಯಲ್ಲಿ ಮಾಳಿಯ ಹೊಟ್ಟೆ ಕಾಣತೊಡಗಿದಾಗ ಜನ ಏನಂದರು? ನೀರಿಗೆ ಹೋದಾಗ ಯಾರು ಜೊತೆಗೆ ನಡೆದರು, ಯಾರು ದೂರ ಸರಿದರು? ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟು ಹೋದ ಅಂತ ಕಥೆ ಹೇಳುತ್ತದೆ. ಅಲ್ಲಿಗೆ ಕಥೆ ಮಗನ ಹಿಂದೆ ಹೊರಟುಬಿಡುತ್ತದೆ, ಮಾಳಿ ಅಂಬಲೂರಿನಲ್ಲಿ ಉಳಿಯುತ್ತಾಳೆ. ಆಕೆಗೂ ಐವತ್ತಾಗಿರಬೇಕಲ್ಲ, ಅರವತ್ತಾಗಿರಬೇಕಲ್ಲ. ಊರೂರು ತಿರುಗಿ ಊರಿನವರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮಗನ ಸುದ್ದಿ ಯಾರಾದರೂ ದಾರಿಹೋಕರು ತಂದು ಹೇಳಿದಾಗ, ತಿಗರಿಯ ಮುಂದೆ ಕೂತ ಆ ಮುದುಕಿ ಏನು ಅಂದುಕೊಂಡಿರಬಹುದು? ಊರು ಬಿಟ್ಟು ತಿರುಗಿದ ಮಗ ಜ್ಞಾನಿಯಾದ. ತಾನೂ ತಿರುಗಿದ್ದರೆ?

ಈ ನಾಟಕವನ್ನು ನಾನು ಇನ್ನೂ ನೋಡಿಲ್ಲ. ಹಾವೇರಿ ಜಿಲ್ಲೆಯಲ್ಲಿ ನಾಟಕ ಮಾಡುವವರಿಗೇನೂ ಕೊರತೆಯಿಲ್ಲ. ಹಾನಗಲ್ ತಾಲೂಕಿನ ಶೇಷಗಿರಿಯಂಥ ಸಣ್ಣ ಹಳ್ಳಿಯ ಗಜಾನನ ಯುವಕ ಮಂಡಳ ಹೊಸ ನಾಟಕಗಳನ್ನು ಕಟ್ಟಿ ಊರೂರಿಗೆ ಒಯ್ದಿದೆ. ಜಾತ್ರೆ ನಾಟಕ ಆಡುವ ಹುಡುಗರಂತೂ ಪ್ರತಿ ಊರಲ್ಲೂ ಇದ್ದಾರೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಆ ಹುಡುಗರೇ ಆಗಿರಬಹುದು, ಅಥವಾ ಅವರಿಗೆ ಸ್ಕ್ರಿಪ್ಟ್ ಬರೆದುಕೊಡುವ ಗೆಳೆಯರು. ಫ್ರೀ ಬಸ್ಸಿನ ಜೋಕು ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ಸೆನ್ಸಾರ್ ಮಾಡಿದರೆ ನಾಟಕವೂ ಉಳಿಯುವುದಿಲ್ಲ, ನಗುವೂ ಉಳಿಯುವುದಿಲ್ಲ. ಮುದುಕ ಜುಟ್ಟಿಗೆ ಕೈ ಹಾಕಿದಾಗ ಮುದುಕಿಗೆ ಎರಡು ನಿಮಿಷ ಮಾತು ಕೊಡಿ ಅಷ್ಟೇ. ಆ ಕಲಾವಿದೆಗೆ ಕೊಟ್ಟಿದ್ದರೆ ಪೇಟಿ ಮಾಸ್ತರರೂ ಬಾರಿಸುವುದು ಬಿಟ್ಟು ಕೇಳುತ್ತಿದ್ದರು.

ನಾಟಕ ಮುಗಿದಾಗ ಬೆಳಗಿನ ಐದೂವರೆ. ಹುಡುಗರು ಪರದೆ ಮಡಚುತ್ತಿದ್ದರು. ಅತ್ತಿ ನನ್ನ ಕೈ ಬಿಡಿಸಿಕೊಂಡು ಸೀದಾ ವೇದಿಕೆಯ ಹಿಂದಕ್ಕೆ ನಡೆದಳು. ಆ ಕಲಾವಿದೆ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಐವತ್ತೈದರ ಆಸುಪಾಸು ಇರಬಹುದು. ಅತ್ತಿ ನಿಂತಲ್ಲೇ ಕೇಳಿದಳು:

“ಕೀಲಿಕೈ ಕೊಡೂಮುಂದ ನೀ ಖರೇನ ಅತ್ತೆಲ್ಲಾ ಬೇ?”

“ಹೂನ್ರಿ ಯವ್ವಾ. ಪ್ರತಿ ಸಲಾನೂ ಬರತೈತಿ. ಕೊಡಬಾರದು ಅನಸತೈತಿ.”

ಇಬ್ಬರೂ ನಕ್ಕರು. ಆಕೆಗೆ ಅವತ್ತೇ ಸಂಜೆ ಬ್ಯಾಡಗಿ ಕಡೆಯ ಒಂದು ಹಳ್ಳಿಯಲ್ಲಿ ಮತ್ತೊಂದು ನಾಟಕ. ಎಂಥ ಪಾತ್ರ ಅಂತ ಅತ್ತಿ ಕೇಳಿದಳು. “ತಾಯಿ. ಎರಡನೇ ಅಂಕದಾಗ ಸಾಯ್ತೀನಿ, ಲಗೂನ ಮುಗೀತೈತಿ” ಅಂದರು ಆಕೆ. ಅತ್ತಿ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಕೊಟ್ಟಳು. ಅದೇ ಚೀಲದಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಒಂದು ನಾಲ್ಕು ಮಡಿಕೆಯಾಗಿ ಇರುವುದನ್ನು ನೋಡಿದೆ. ಲ್ಯಾಮಿನೇಷನ್ ಬೇರೆ ಮಾಡಿಸಬೇಕಂತೆ, ಹಿರೇಕೆರೂರಿನಲ್ಲಿ.

ಆರೂವರೆಗೆ ಹಿರೇಕೆರೂರಿನ ಬಸ್ಸು ಬಂತು. ನಾನು ಊರಿನಲ್ಲೇ ಉಳಿಯುವವಳು, ಬೀಳ್ಕೊಡಲು ನಿಂತಿದ್ದೆ. ಕಲಾವಿದೆ ಟ್ರಂಕು ಎತ್ತಿ ಒಳಗಿಟ್ಟರು, ಅತ್ತಿ ಹಿಂದೆಯೇ ಹತ್ತಿ ಕಿಟಕಿ ಪಕ್ಕ ಕೂತಳು. ಮನೆಯಲ್ಲಿ ಏನು ಹೇಳಲಿ ಅಂತ ನಾನು ಕೆಳಗಿನಿಂದ ಕೂಗಿದೆ. ಆಕೆ ಕೇಳಿಸಿದರೂ ಕೇಳಿಸದಂತೆ ಇದ್ದಳು. ಕಂಡಕ್ಟರ್ ಮಷೀನ್ ಹಿಡಿದು ಬಂದ.

“ಎಲ್ಲಿಗೆ ಬೇ ಯವ್ವಾ?”

ಅತ್ತಿ ಪಕ್ಕದವರ ಮುಖ ನೋಡಿದಳು. ಆಮೇಲೆ ಜೆರಾಕ್ಸ್ ಬಿಚ್ಚಿ ಅವನ ಕೈಗಿಟ್ಟಳು.

“ಸದ್ಯಕ ಹಿರೇಕೆರೂರಿಗೆ ಕೊಡಪಾ. ಮುಂದಿಂದು ಅಲ್ಲಿ ಹೋಗಿ ನೋಡೂಣು.”